ಆ್ಯಪ್ ಕೇಳದೆ ಬಿಟ್ಟ ಗುಳಿಗೆ

2016ರಲ್ಲಿ ನಾನು ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡ್‌ನಲ್ಲಿ ಸ್ವಂತ ದಂತ ಚಿಕಿತ್ಸಾಲಯ ನಡೆಸುತ್ತಿದ್ದೆ. ಬಾಡಿಗೆಯ ಒಂದೇ ಕುರ್ಚಿಯಿಂದ ಮೇಲೆ ಬಂದವನು. ಉಪಯೋಗಿಸಿ ನೋಡದೆ ಯಾವ ಸಾಮಾನನ್ನೂ ಕೊಂಡವನಲ್ಲ. ಇಂಟರ್ನ್‌ಗಳ ತರಬೇತಿಗೆಂದು ಮೊಬೈಲ್ ಆ್ಯಪ್ ಮಾರಲು ಆಸ್ಟಿನ್‌ನಿಂದ ವಿವೇಕ್ ಎಂಬ ಹುಡುಗ ಬಂದಾಗಲೂ ಅದನ್ನೇ ಹೇಳಿದೆ: "ಮೊದಲು ಪುಕ್ಕಟೆ ಕೊಟ್ಟು ನೋಡಪ್ಪ. ಚೆನ್ನಾಗಿದ್ರೆ ಡಾಲಸ್ ಕಡೆ ಸ್ನೇಹಿತರಿಗೆ ನಾನೇ ಹೇಳ್ತೀನಿ."

ಆ್ಯಪ್ ಕೆಲಸ ಸರಳ. ರೋಗಿಯ ತೊಂದರೆ, ಎಕ್ಸ್-ರೇ, ಪರೀಕ್ಷೆಗಳ ಫಲ ಎಲ್ಲವನ್ನೂ ಇಂಟರ್ನ್ ತುಂಬಿಸಬೇಕು. ಕೆಟ್ಟಿರುವುದು ಯಾವ ಹಲ್ಲು, ಮುಂದೇನು ಎಂದು ಅದು ಸೂಚಿಸುತ್ತದೆ. ನನ್ನ ಇಂಟರ್ನ್ ಮೇಘನಾ ಅದರಲ್ಲಿ ಬಲು ಚುರುಕು. ಟೆಕ್ಸಾಸ್‌ನಲ್ಲೇ ಬೆಳೆದವಳು, ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಒಂದು ಬೆಳಿಗ್ಗೆ ಹತ್ತಿರದ ಫುಲ್‌ಶೀರ್ ಊರಿನಿಂದ ಗಂಗಾ ಆಂಟಿಯನ್ನು ಮಗಳು ಕರೆತಂದರು. ಆಂಟಿ ಧಾರವಾಡದವರು. ಬಲಗಡೆ ಮೇಲೆ ನೋವು, ತಣ್ಣೀರು ತಾಕಿದರೆ ಜೀವ ಹೋಗುತ್ತದೆ ಎಂದರು. ಆ್ಯಪ್‌ನ ಉಳಿದ ಪ್ರಶ್ನೆಗಳಿಗೆಲ್ಲ ಮಗಳೇ ಉತ್ತರಿಸಿದರು. ದಿನವೂ ತೆಗೆದುಕೊಳ್ಳುವ ಔಷಧ? ಯಾವುದೂ ಇಲ್ಲ. ಮೇಘನಾ ಬಲಗಡೆಯ ಮೇಲಿನ, ಕೆಳಗಿನ ಹಲ್ಲುಗಳಿಗೆಲ್ಲ ತಣ್ಣನೆಯ ಹತ್ತಿ ತಾಗಿಸಿದಳು, ಹಲ್ಲುಗಳನ್ನು ತಟ್ಟಿದಳು, ಎಲ್ಲೂ ನೋವಿಲ್ಲ. ಎಕ್ಸ್-ರೇಯಲ್ಲಿ ಮೇಲಿನ ದವಡೆ ಹಲ್ಲಿಗೆ ದೊಡ್ಡ ಹಳೆಯ ಫಿಲ್ಲಿಂಗ್ ಕಂಡಿತು. ಆ್ಯಪ್ ಅದನ್ನೇ ಹಿಡಿಯಿತು: ರೂಟ್ ಕೆನಾಲ್, ಅಂದರೆ ಹಲ್ಲು ಕೊರೆದು ಒಳಗಿನ ನರ ತೆಗೆಯುವುದು.

"ಅಂಕಲ್, ಕ್ಯಾನ್ ಐ ಸ್ಟಾರ್ಟ್?"

ಕೊರೆದ ಹಲ್ಲು ಮತ್ತೆ ಮೊದಲಿನಂತಾಗುವುದಿಲ್ಲ. ನನಗೊಂದು ಕುತೂಹಲ ಉಳಿದಿತ್ತು: ತಣ್ಣೀರಿಗೆ ಜೀವ ಹೋಗುವವರು ತಣ್ಣನೆಯ ಹತ್ತಿಗೆ ತೆಪ್ಪಗಿದ್ದದ್ದು ಹೇಗೆ?

"ಆಂಟಿ, ಬೆಳಿಗ್ಗೆಯಿಂದ ಹೊಟ್ಟೆಗೆ ಏನೇನು ಹೋಯ್ತು?"

"ಉಪ್ಪಿಟ್ಟು, ಚಾ... ಆಮ್ಯಾಲೆ ಊರಿಂದ ತಂದ ನೋವಿನ ಗುಳಿಗಿ ನುಂಗೇನ್ರಿ."

"ಅವ್ವಾ! ನನಗ್ಯಾಕ ಹೇಳಲಿಲ್ಲ?" ಮಗಳು ಹೌಹಾರಿದರು.

"ನೀ ಎಲ್ಲಿ ಕೇಳಿದಿ? ಈ ಹುಡುಗಿ ಬಾಯಾಗ ಕೈ ಹಾಕಿದಾಗ ನಾ ಹೊಯ್ಕೊಂಡ್ರ, ಪಾಪ, ಅಕಿ ಹೆದರೂದಿಲ್ಲೇನು?"

ನಮ್ಮವರೇ ಹೀಗೆ. ನೆಂಟರು ಬರುವ ಮೊದಲು ಮನೆ ಗುಡಿಸಿದಂತೆ, ನೋವನ್ನು ಗುಡಿಸಿಟ್ಟು ಡಾಕ್ಟರ ಬಳಿ ಬರುತ್ತಾರೆ.

ಮಾತ್ರೆ ನುಂಗದೆ ಮರುದಿನ ಬನ್ನಿ ಎಂದೆ. ಬಂದರು. ಮೇಲಿನ ಹಲ್ಲಿಗೆ ಹತ್ತಿ ತಾಗಿಸಿದರೆ ಏನೂ ಇಲ್ಲ. ಅದೇ ಕಡೆಯ ಕೆಳಗಿನದಕ್ಕೆ ತಾಗಿಸಿದ್ದೇ ತಡ, ಆಂಟಿ ಕುರ್ಚಿಯಿಂದ ಎದ್ದೇಬಿಟ್ಟರು. "ಸಾರಿ ಆಂಟಿ, ಸಾರಿ!" ಎಂದ ಮೇಘನಾಳ ಮುಖ ಮಾತ್ರ ಅರಳಿತ್ತು. ದೀಪ ಹಿಡಿದು ನೋಡಿದರೆ, ಆ ಹಲ್ಲಿನಲ್ಲಿ ಎಕ್ಸ್-ರೇಗೆ ಕಾಣದ ಸಣ್ಣ ಸೀಳು. ಕೆಳಗಿನ ಹಲ್ಲಿನ ನೋವು ಮೇಲೆ ಕಾಣಿಸಿಕೊಳ್ಳುವುದುಂಟು. ಒಂದು ಕ್ಯಾಪ್ ಹಾಕಿದ್ದಕ್ಕೆ ಗುಣವಾಯಿತು. ಮೇಲಿನ ಹಲ್ಲು ಉಳಿಯಿತು.

ವಿವೇಕ್‌ಗೆ ಫೋನ್ ಮಾಡಿದೆ. "ಅಂಕಲ್, ಆ್ಯಪ್ ತಪ್ಪಲ್ಲ, ತುಂಬಿಸಿದ ಮಾಹಿತಿ ತಪ್ಪು," ಎಂದ.

"ಇರಲಿ. ಬೆಳಿಗ್ಗೆಯಿಂದ ಏನು ನುಂಗಿದ್ರಿ ಅಂತ ರೋಗಿಯನ್ನೇ ಕೇಳೋವರೆಗೂ ಮುಂದಿನ ಪುಟ ತೆರೀಬಾರ್ದು. ಹಾಗೆ ಮಾಡಿಕೊಡು, ಕೊಳ್ತೀನಿ."

ಮಾಡಿಕೊಟ್ಟ. ಡಾಲಸ್ ಪಕ್ಕದ ಕ್ಯಾರಲ್ಟನ್‌ನ ಸ್ನೇಹಿತರೊಬ್ಬರಿಗೂ ನಾನೇ ಮಾರಿಸಿದೆ.

ಆ್ಯಪ್ ಕೊಳ್ಳುವವರಿಗೆ ನನ್ನ ಸಲಹೆ: ಅದು ಕೊಡುವ ಉತ್ತರಗಳಿಗೆ ಮರುಳಾಗುವ ಮೊದಲು ಅದು ಕೇಳುವ ಪ್ರಶ್ನೆಗಳನ್ನು ಓದಿ. ಹಲ್ಲು ತೋರಿಸಲು ಹೊರಟವರಿಗೂ ಒಂದು ಮಾತು: ನೋವನ್ನು ಮನೆಯಲ್ಲಿ ಬಿಟ್ಟು ಬರಬೇಡಿ. ನಮಗೆ ದಾರಿ ತೋರಿಸುವುದು ಅದೇ.