ಬೇಸಿಗೆ ರಜೆಯೂ ಸೇರಿ ಮೂರು ತಿಂಗಳು

ಠಣ್ ಠಣ್ ಠಣ್ ಎಂದು ಒಂದೇ ಸಮನೆ ಬಡಿಯುತ್ತಿದ್ದ ಆ ಲಾಂಗ್ ಬೆಲ್ ಈಗಲೂ ನನ್ನ ಕಿವಿಯಲ್ಲಿದೆ. ರೈಲೇ ಬಾರದ ಮಾಗಡಿಯಲ್ಲಿ ನಮ್ಮ ಶಾಲೆಯ ಗಂಟೆ ಮಾತ್ರ ರೈಲು ಕಂಬಿಯ ಒಂದು ತುಂಡು. ಏಪ್ರಿಲ್‌ನಲ್ಲಿ ಪರೀಕ್ಷೆಯ ಫಲಿತಾಂಶ ಓದಿದ ದಿನ ಅಟೆಂಡರ್ ಅದನ್ನು ಕೈ ನೋಯುವವರೆಗೆ ಬಡಿಯುತ್ತಿದ್ದ. ನನ್ನ ಪಾಲಿಗೆ ಆ ಶಬ್ದವೆಂದರೆ ಇನ್ನು ಆರೇಳು ವಾರ ಕಾಲವೇ ನಿಂತುಹೋಗುವುದು. ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿ, ಮದುವೆಯಾಗಿ ಈ ಊರಿಗೆ ಬಂದು ಇಂಗ್ಲಿಷ್ ಟೀಚರ್ ಆದವಳು ನಾನು. ಹುಡುಗಿಯಾಗಿದ್ದಾಗಿನಿಂದ ಬೆಲ್ಲಿನ ಪ್ರಕಾರವೇ ಬದುಕಿದ್ದೇನೆ. ರಿಟೈರ್ ಆದ ಮೇಲೂ ವಾರಕ್ಕೆ ಮೂರು ದಿನ ಬನ್ನಿ ಎಂದು ಮ್ಯಾನೇಜ್‌ಮೆಂಟಿನವರು ಕರೆದಿದ್ದರು, ಹೋಗುತ್ತಿದ್ದೆ.

ಆ ವರ್ಷ ಲಾಂಗ್ ಬೆಲ್ ಇನ್ನೂ ಮುಗಿದಿರಲಿಲ್ಲ, ಅಟೆಂಡರ್‌ನ ಕೈಯಿಂದ ಕೋಲನ್ನು ಮಕ್ಕಳು ಕಿತ್ತುಕೊಂಡಿದ್ದರು. ಅವನು ಸ್ಟಾಫ್ ರೂಮಿಗೆ ಬಂದು ನಮ್ಮ ಕನ್ನಡ ಮಿಸ್‌ಗೆ ಒಂದು ಬ್ರೌನ್ ಕವರ್ ಕೊಟ್ಟು, ಪುಸ್ತಕದಲ್ಲಿ ಸೈನ್ ಹಾಕಿಸಿಕೊಂಡು ಹೋದ. ಅವಳು ಸೈನ್ ಹಾಕಿ, ಕೆಳಗೆ ತನ್ನ ಮುದ್ದಾದ ಅಕ್ಷರದಲ್ಲಿ ತಾರೀಖನ್ನೂ ಬರೆದಳು. ಆಮೇಲೆ ಕವರ್ ಒಡೆದಳು. ಹದಿನೇಳು ವರ್ಷದ ಕೆಲಸ ಹೋಗಿತ್ತು. ಕಾರಣ, ಅವಿಧೇಯತೆ.

ಅವಿಧೇಯತೆ ಏನೆಂದರೆ, ರಜೆಯಲ್ಲಿ ಹಳ್ಳಿಹಳ್ಳಿ ತಿರುಗಿ ಶಾಲೆಗೆ ಮಕ್ಕಳನ್ನು ಸೇರಿಸಬೇಕು, ತಲಾ ಹತ್ತು ಅಡ್ಮಿಷನ್ ತರಬೇಕು ಎಂದು ನಮಗೆಲ್ಲ ಹೇಳಿದ್ದರು. ಗೊಣಗುತ್ತಲೇ ಎಲ್ಲರೂ ಒಪ್ಪಿದ್ದೆವು. ಗುಡೇಮಾರನಹಳ್ಳಿಯಿಂದ ಬರುತ್ತಿದ್ದ ಕನ್ನಡ ಮಿಸ್ ಮಾತ್ರ ಮೀಟಿಂಗಿನಲ್ಲಿ ಎದ್ದು ನಿಂತು, "ನಮ್ಮೂರ ಸರ್ಕಾರಿ ಸ್ಕೂಲಲ್ಲಿ ಇರೋವೇ ಹದಿನಾಲ್ಕು ಮಕ್ಳು ಸಾರ್. ಅದ್ರಲ್ಲಿ ಹತ್ತು ನಾನೇ ಎತ್ಕೊಂಡ್ ಬಂದ್ಬುಟ್ರೆ, ಅಲ್ಲಿಗೆ ಬೀಗ ಹಾಕ್ದೋಳೂ ನಾನೇ ಆಯ್ತೀನಿ. ನಾನು ಓದಿದ್ ಸ್ಕೂಲು ಅದು" ಎಂದಿದ್ದಳು. ಮ್ಯಾನೇಜ್‌ಮೆಂಟಿನ ಸೆಕ್ರೆಟರಿ ನಕ್ಕಿದ್ದರು. ಆ ನಗುವಿನ ಅರ್ಥ ಕವರಿನಲ್ಲಿ ಬಂತು.

ಕೆಲಸದಿಂದ ತೆಗೆದರೆ ಮೂರು ತಿಂಗಳೊಳಗೆ ಟ್ರಿಬ್ಯುನಲ್‌ಗೆ ಅಪೀಲು ಹೋಗಬಹುದು ಎಂಬುದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ಮೂರು ತಿಂಗಳು ಇವತ್ತಿನಿಂದಲೇ ಶುರುವಾ ಎಂದು ಅವಳು ನನ್ನನ್ನೇ ಕೇಳಿದಳು. ಎಲ್ಲರಿಗಿಂತ ಹಿರಿಯಳು, ಇಂಗ್ಲಿಷ್ ಬಲ್ಲವಳು, ಸರ್ಕ್ಯುಲರ್ ಓದಿ ಹೇಳುವವಳು ನಾನಲ್ಲವೇ.

"ಡೋಂಟ್ ಬಿ ಸಿಲ್ಲಿ," ಎಂದೆ. "ವೆಕೇಶನ್ ಲೆಕ್ಕಕ್ಕೆ ಬರಲ್ಲಮ್ಮ. ಸ್ಕೂಲು ರೀಓಪನ್ ಆದ ದಿನದಿಂದ."

ಒಂದು ಚೂರೂ ಅನುಮಾನವಿಲ್ಲದೆ ಹೇಳಿದೆ. ನಮ್ಮ ಲೋಕದಲ್ಲಿ ಎಲ್ಲವೂ ಹಾಗೆಯೇ ಇತ್ತು. ಹುಡುಗರಿಗೆ ಕೊಟ್ಟ ಶಿಕ್ಷೆ, ಲೈಬ್ರರಿ ಪುಸ್ತಕದ ಗಡುವು, ನಮ್ಮ ನಮ್ಮ ಜಗಳ, ಎಲ್ಲವೂ ಏಪ್ರಿಲ್‌ನಲ್ಲಿ ನಿಂತು ಮೇ ಕೊನೆಗೆ ನಿಂತಲ್ಲಿಂದಲೇ ಮುಂದುವರಿಯುತ್ತಿದ್ದವು. ಅವಳಿಗೂ ಅದು ಸಹಜವಾಗಿ ಕಂಡಿತು. ನೆಮ್ಮದಿಯಾಗಿ ಊರಿಗೆ ಹೋದಳು.

ಶಾಲೆ ತೆರೆಯಿತು. ಅವಳ ಜಾಗಕ್ಕೆ ಇನ್ನೊಬ್ಬಳು ಬಂದಳು. ನಾನೂ ಕನ್ನಡ ಮಿಸ್ಸೂ ಅವಸರ ಮಾಡಲಿಲ್ಲ. ಅಪಾಯಿಂಟ್‌ಮೆಂಟ್ ಆರ್ಡರ್, ಹಳೆಯ ಹಾಜರಿಯ ನಕಲು ಎಲ್ಲ ಒಟ್ಟುಮಾಡಿ, ಆಗಸ್ಟ್ ಮೂರನೇ ವಾರ, ಟ್ರಿಬ್ಯುನಲ್ ನಡೆಯುವ ರಾಮನಗರದ ಕೋರ್ಟಿಗೆ ಹೋದೆವು. ಇನ್ನೂ ಒಂದು ವಾರ ಕೈಯಲ್ಲಿದೆ ಎಂದು ಬಸ್ಸಿನಲ್ಲಿ ನಾನೇ ಹೆಮ್ಮೆಯಿಂದ ಹೇಳಿದ್ದೆ.

ಲಾಯರು ವಯಸ್ಸಾದವರು, ನಮ್ಮ ಕಡೆಯವರೇ. ಕವರಿನ ತಾರೀಖು ನೋಡಿದರು, ಗೋಡೆಯ ಕ್ಯಾಲೆಂಡರ್ ಇಳಿಸಿ ಬೆರಳಿಟ್ಟು ಎಣಿಸಿದರು. ಗಡುವು ಜುಲೈನಲ್ಲೇ ಮುಗಿದಿತ್ತು. ನಾನು ರಜೆಯ ಮಾತೆತ್ತಿದೆ.

"ಮೇ ತಿಂಗ್ಳು ನಮ್ ಕೋರ್ಟ್‌ಗೂ ರಜ ಇತ್ತು ಕಣಮ್ಮ," ಎಂದರು. "ಕಾನೂನಿಗೆ ಯಾರು ರಜ ಕೊಟ್ಟವ್ರೆ? ಕೊನೇ ದಿನ ರಜದೊಳಗೆ ಬಿದ್ದಿದ್ರೆ ಬೇರೆ ಮಾತು. ನಿಮ್ದು ಬಿದ್ದಿಲ್ಲ."

ತಡವಾದದ್ದನ್ನು ಮನ್ನಿಸಿ ಎಂದು ಅರ್ಜಿ ಹಾಕಬಹುದು, ಆದರೆ ಸರಿಯಾದ ಕಾರಣ ಬೇಕು ಎಂದರು. ಕಾಯಿಲೆ ಏನಾದರೂ ಇತ್ತೇ ಎಂದು ಕೇಳಿದರು. ಇರಲಿಲ್ಲ, ಸುಳ್ಳು ಬರೆಸುವುದಿಲ್ಲ ಎಂದಳು ಅವಳು. ಹಾಗಾದರೆ ರಜೆ ಲೆಕ್ಕಕ್ಕಿಲ್ಲ ಎಂದು ಅವಳಿಗೆ ಯಾರಾದರೂ ಹೇಳಿದರೇ, ಅವಳೇ ಅಂದುಕೊಂಡಳೇ? ಲಾಯರು ಪೆನ್ನು ಹಿಡಿದು ಕಾದರು.

ನಾನು ಅವಳ ಪಕ್ಕದ ಕುರ್ಚಿಯಲ್ಲೇ ಇದ್ದೆ. ಬಾಯಿ ತೆರೆದಿದ್ದರೆ ಸಾಕಿತ್ತು. ಅಫಿಡವಿಟ್‌ನಲ್ಲಿ ನನ್ನ ಹೆಸರು ಬಂದರೆ ಅದು ಸೆಕ್ರೆಟರಿಯ ಕೈಗೆ ಹೋಗುತ್ತದೆ, ವಾರದ ಆ ಮೂರು ದಿನಗಳು ಅಲ್ಲಿಗೆ ಮುಗಿದವು ಎಂಬುದಷ್ಟೇ ತಲೆಗೆ ಬಂತು. ಆ ಮೂರು ದಿನಗಳಿಲ್ಲದಿದ್ದರೆ ಬೆಳಗ್ಗೆ ಏಕೆ ಏಳಬೇಕು ಎಂಬುದೂ ನನಗೆ ಗೊತ್ತಿರಲಿಲ್ಲ. ಅವಳು ಒಂದು ಸಲ ನನ್ನ ಕಡೆ ನೋಡಿದಳು. ನಾನು ನನ್ನ ಹ್ಯಾಂಡ್‌ಬ್ಯಾಗಿನ ಜಿಪ್ ನೋಡಿಕೊಂಡೆ.

"ಯಾರೂ ಹೇಳ್ಲಿಲ್ಲ ಸಾರ್," ಎಂದಳು. "ನಾನೇ ಅಂದ್ಕೊಂಡೆ."

ಅರ್ಜಿ ವಜಾ ಆಯಿತು. ಜಡ್ಜು ಸೌಮ್ಯವಾಗಿಯೇ ಮಾತಾಡಿದರು. ಯಾರನ್ನೂ ವಿಚಾರಿಸದೆ ತಾನಾಗಿ ಹಾಗೆ ತಿಳಿದುಕೊಂಡಿದ್ದು ತಡಕ್ಕೆ ಸಾಕಷ್ಟು ಕಾರಣವಲ್ಲ ಎಂಬುದು ಆರ್ಡರಿನ ಸಾರ. ಅವಳನ್ನು ತೆಗೆದದ್ದು ಸರಿಯೋ ತಪ್ಪೋ ಎಂಬ ಮಾತು ಆ ಕೋಣೆಯಲ್ಲಿ ಬರಲೇ ಇಲ್ಲ. ಆ ಹದಿನಾಲ್ಕು ಮಕ್ಕಳ ವಿಷಯವೂ ಬರಲಿಲ್ಲ. ವರಾಂಡದಲ್ಲಿ ಲಾಯರು, "ತಿಳಿದೋರು ಯಾರಾನ ತಪ್ಪು ಹೇಳಿದ್ರು ಅಂತ ಇದ್ದಿದ್ರೆ ಒಸಿ ನಿಲ್ತಿತ್ತೋ ಏನೋ" ಎಂದು ಫೈಲು ಕಟ್ಟಿದರು. ಹೈಕೋರ್ಟ್ ಇದೆ ಎಂದೂ ಹೇಳಿದರು. ಅವಳು ಬೇಡವೆಂದು ತಲೆಯಾಡಿಸಿದಳು. ವಾಪಸು ಬರುವಾಗ ಬಸ್ಸಿನಲ್ಲಿ ನನ್ನನ್ನು ಕಿಟಕಿಯ ಪಕ್ಕ ಕೂರಿಸಿ, ಬಿಸಿಲು ಬೀಳದ ಹಾಗೆ ಪರದೆ ಎಳೆದಳು. ಸಾರಿ ಎಂಬ ಒಂದು ಪದವನ್ನು ಸಾವಿರಾರು ಮಕ್ಕಳಿಗೆ ಹೇಳಿಕೊಟ್ಟವಳಿಗೆ ಅದೂ ಬಾಯಿಗೆ ಬರಲಿಲ್ಲ.

ಮಾರನೇ ವರ್ಷ ನನ್ನ ಮೂರು ದಿನಗಳನ್ನೂ ತೆಗೆದರು. ವಯಸ್ಸಾಯಿತು, ರೆಸ್ಟ್ ತೆಗೆದುಕೊಳ್ಳಿ ಎಂದು ಹಾರ ಹಾಕಿದರು. ಅಂದಿನ ಲಾಂಗ್ ಬೆಲ್ ಆದ ಮೇಲೆ ಹಾರದ ಕವರ್ ಹಿಡಿದು, ಮನೆಗೆ ಹೋಗಲು ಮನಸ್ಸಾಗದೆ ಮಾಗಡಿ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ರಾಮನಗರದ ಬಸ್ಸಿನ ಕಿಟಕಿಯಲ್ಲಿ ಅವಳು ಕಂಡಳು. ಕೊರಳಲ್ಲಿ ಯಾವುದೋ ಗಾರ್ಮೆಂಟ್ಸಿನ ಐಡಿ ಕಾರ್ಡು, ತೊಡೆಯ ಮೇಲೆ ಊಟದ ಡಬ್ಬಿ. ಸೆಕೆಂಡ್ ಶಿಫ್ಟಂತೆ. ರಜ ಶುರುವಾಯ್ತಾ ಮಿಸ್ ಎಂದು ಕೇಳಿದಳು. ಹೂಂ ಎಂದೆ. ನಾನು ಅದೇ ಬಸ್ಸಿಗೆ ಬಂದಿದ್ದೇನೆ ಎಂದುಕೊಂಡಿರಬೇಕು, ಡಬ್ಬಿ ಎತ್ತಿಕೊಂಡು ಒತ್ತಾಗಿ ಸರಿದು, ಪಕ್ಕದ ಸೀಟನ್ನು ಕೈಯಿಂದ ಒರೆಸಿದಳು.

"ಬನ್ನಿ ಮಿಸ್, ಜಾಗ ಐತೆ."

ನಾನು ಆ ಕಡೆ ಹೋಗುತ್ತಿಲ್ಲ ಎಂದೆ. ಕಂಡಕ್ಟರ್ ಸೀಟಿ ಊದಿದ. ಬಸ್ಸು ತಿರುಗುವವರೆಗೂ ಅವಳ ಕೈ ಆ ಸೀಟಿನ ಮೇಲೆಯೇ ಇತ್ತು.