ಜಗಲಿಯ ಮೇಲಿನ ತಪಾಸಣೆ

ಶಿಡ್ಲಘಟ್ಟದ ಹತ್ತಿರದ ನಮ್ಮೂರಿನಲ್ಲಿ ನಾನು ಆಶಾ ಕಾರ್ಯಕರ್ತೆ. ಬಾಣಂತಿಯರ ಮನೆಗೆ ಹೋಗಿ ತಾಯಿ, ಮಗು ಇಬ್ಬರನ್ನೂ ನೋಡಿ ಬರುವುದು ನನ್ನ ಕೆಲಸ. ತರಬೇತಿಯಲ್ಲಿ ಈ ಪಾಠವನ್ನು ನನ್ನಷ್ಟು ಸಲೀಸಾಗಿ ಒಪ್ಪಿಸಿದವರಿರಲಿಲ್ಲ. ಆ ಜಂಭ ನನಗಿತ್ತು.

ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಹುಳು ಮೇಯುವಾಗ ಬಾಣಂತಿ ಕೋಣೆಗೆ ಹೋಗಿ ಬಂದರೆ ಮೈಲಿಗೆ, ಬೆಳೆ ಕೆಡುತ್ತದೆ ಎನ್ನುತ್ತಾರೆ ನಮ್ಮತ್ತೆ. ಊರಾಚೆಯ ದಲಿತ ಕಾಲೋನಿಯ ಹುಡುಗಿಯೊಬ್ಬಳು ಚೊಚ್ಚಲ ಹೆರಿಗೆ ಮುಗಿಸಿಕೊಂಡು ಆಸ್ಪತ್ರೆಯಿಂದ ತವರಿಗೆ ಬಂದಾಗ ನನಗೆ ಆ ಮಾತು ಅನುಕೂಲಕ್ಕೆ ಬಂತು. ಜಗಲಿಯಲ್ಲೇ ನಿಂತೆ. ಅವಳ ತಾಯಿ ಮಗುವನ್ನು ಹೊರಗೆ ತಂದುಕೊಟ್ಟರು. ತೂಕ ಮಾಡಿದೆ, ಜ್ವರ ನೋಡಿದೆ. ಆಮೇಲೆ ಬಾಗಿಲ ಕಡೆ ತಿರುಗಿ, "ಹೆಂಗಿದ್ದೀಯಮ್ಮ?" ಎಂದು ಕೂಗಿದೆ.

"ಚೆನ್ನಾಗಿದ್ದೀನಕ್ಕ," ಎಂದು ಒಳಗಿಂದ ದನಿ ಬಂತು. ಹಾಗೇ ಬರೆದುಕೊಂಡೆ. ಏಳನೇ ದಿನವೂ ಅದೇ ಪ್ರಶ್ನೆ, ಅದೇ ಉತ್ತರ.

ಹದಿನಾಲ್ಕನೇ ದಿನ ಅವಳ ತಾಯಿ ಡೈರಿಗೆ ಹಾಲು ಹಾಕಲು ಹೋಗಿದ್ದರು. ಮಗುವನ್ನು ತರಲು ಅವಳೇ ಎದ್ದಳು. ಬಾಗಿಲವರೆಗೆ ಬಂದವಳು ಚೌಕಟ್ಟು ಹಿಡಿದುಕೊಂಡು ಹಾಗೇ ಕುಸಿದಳು. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿ ಮಗುವನ್ನು ಹಿಡಿದೆ. ಅವಳ ತುಟಿ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ಮೂಲೆಯ ಬಕೆಟ್ಟಿನಲ್ಲಿ ರಕ್ತದ ಬಟ್ಟೆಗಳು ತುಂಬಿದ್ದವು.

"ಯಾವಾಗಿಂದ ಹಿಂಗೆ?"

"ಬಂದಾಗಿಂದ. ಕೆಟ್ಟ ರಕ್ತ ಹೋಗ್ಲಿ ಬಿಡು ಅಂತಾರೆ ಅಮ್ಮ."

ಆಂಬುಲೆನ್ಸ್ ಕರೆಸಿ, ತಾಯಿ ಮಗು ಇಬ್ಬರನ್ನೂ ಹತ್ತಿಸಿಕೊಂಡು ಹೊರಟೆ. ಆಸ್ಪತ್ರೆಯಲ್ಲಿದ್ದ ನರ್ಸ್ ಮುಖವೆತ್ತದೆ, "ಬಾಣಂತಿಗೆ ಇದೆಲ್ಲ ಇದ್ದಿದ್ದೇ," ಎಂದರು. ನನಗೆ ಕೋಪ ನೆತ್ತಿಗೇರಿತು. "ಎದ್ದು ಬಂದು ನೋಡ್ರೀ. ನೋಡೋವರ್ಗೂ ನಾನು ಇಲ್ಲಿಂದ ಕದಲಲ್ಲ," ಎಂದೆ. ಅವರು ಎದ್ದರು, ನೋಡಿದರು, ಡಾಕ್ಟರನ್ನು ಕರೆಯಲು ಓಡಿದರು. ಹೆರಿಗೆಯಲ್ಲೇ ಹೊರಬರಬೇಕಿದ್ದ ಮಾಸಿನ ಚೂರು ಗರ್ಭದಲ್ಲೇ ಉಳಿದುಬಿಟ್ಟಿತ್ತಂತೆ. ಇನ್ನೊಂದು ದಿನ ತಡವಾಗಿದ್ದರೆ ಹುಡುಗಿ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು.

ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹೊರಗಿನ ಬೆಂಚಿನಲ್ಲಿ ಕೂತೆ. ಎದ್ದು ಬಂದು ನೋಡಿ ಎಂದು ಆ ನರ್ಸಿಗೆ ಬೈದೆನಲ್ಲ, ನಾನು ಮಾಡಿದ್ದೇನು? ಅದೇ ತಿಂಗಳು ನಮ್ಮ ಬೀದಿಯ ಬಾಣಂತಿಯ ಮಂಚದ ಮೇಲೆ ಕೂತು, ಅವಳ ಹೊಟ್ಟೆ ಮುಟ್ಟಿ ನೋಡಿ, ಕಾಫಿ ಕುಡಿದು ಬಂದಿದ್ದೆ. ಆಗಲೂ ಮನೆಯಲ್ಲಿ ಹುಳು ಮೇಯುತ್ತಿದ್ದವು. ಬಂದು ಸ್ನಾನ ಮಾಡಿದ್ದೆ, ಅಷ್ಟೇ. ನನಗೆ ನಾಚಿಕೆಯಾಯಿತು.

ರಕ್ತ ಕೊಟ್ಟ ಮೇಲೆ ಅವಳ ಮುಖಕ್ಕೆ ಸ್ವಲ್ಪ ಕಳೆ ಬಂತು. ಮಗುವನ್ನು ಪಕ್ಕದಲ್ಲಿ ಮಲಗಿಸಿ ಹಾಸಿಗೆಯ ಅಂಚಿನಲ್ಲಿ ಕೂತೆ. ಇಷ್ಟಾದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ.

"ಎರಡು ಸಲ ಕೇಳಿದ್ನಲ್ಲೇ, ಚೆನ್ನಾಗಿದ್ದೀನಿ ಅಂದ್ಯಲ್ಲ. ಯಾಕಮ್ಮ ಹೇಳ್ಲಿಲ್ಲ?"

ಅವಳು ಮಗುವಿನ ಟೋಪಿ ಸರಿಮಾಡುತ್ತ ಮೆಲ್ಲಗೆ ಹೇಳಿದಳು. "ಅಪ್ಪ, ಚಿಕ್ಕಪ್ಪ ಎಲ್ಲ ಜಗಲಿ ಮೇಲೇ ಕೂತಿದ್ರು. ಅಂಥದ್ನ ಹೆಂಗಕ್ಕ ಕೂಗಿ ಹೇಳ್ಲಿ? ನೀವು ಒಳಕ್ಕೆ ಬಂದ್ರೆ ಹೇಳಣ ಅಂತ ಎರಡು ಸಲಾನೂ ಕಾದೆ."