ಬಸ್ಸು ನಿಂತ ಮೇಲಿನ ಚೌಕಾಸಿ

ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಕಸುಬಿನ ಚೌಕಾಸಿಯೆಲ್ಲ ಸುಳ್ಯದ ಕೊನೆಯ ಬಸ್ಸನ್ನು ನಂಬಿತ್ತು. ಬಸ್ಸು ತಪ್ಪೀತು ಎಂಬ ಗಾಬರಿಯಲ್ಲಿರುವ ಗಂಡಸು ಹೆಚ್ಚು ವಾದಿಸುವುದಿಲ್ಲ. ನಿರೋಧ್ ಇಲ್ಲದೆ ಆಗುವುದಿಲ್ಲ ಎಂದರೆ ಒಪ್ಪಿಬಿಡುತ್ತಿದ್ದ. ಹೊಸಬರಿಗೆ ನಾನು ಮೊದಲು ಹೇಳಿಕೊಡುತ್ತಿದ್ದುದೂ ಇದನ್ನೇ: ಅವಸರ ಅವನದಾಗಿರಬೇಕು, ನಮ್ಮದಲ್ಲ.

ಲಾಕ್‌ಡೌನಿನಲ್ಲಿ ಬಸ್ಸು ನಿಂತಿತು. ಅವಸರ ನಮ್ಮದಾಯಿತು.

ಕುಂಬ್ರದ ಬಾಡಿಗೆ ಕೋಣೆಯಲ್ಲಿ ನನ್ನ ಜೊತೆ ಗೆಳತಿಯೊಬ್ಬಳಿದ್ದಳು. ಮೂವತ್ತು ದಾಟಿದವಳು, ಮಕ್ಕಳನ್ನು ಕಾಣಿಯೂರಿನಲ್ಲಿ ತಾಯಿಯ ಬಳಿ ಬಿಟ್ಟಿದ್ದಳು. ನಿರೋಧ್ ತಂದುಕೊಡುತ್ತಿದ್ದ ಸಂಘದವಳಿಗೂ ಬರಲು ದಾರಿಯಿರಲಿಲ್ಲ. ಅಕ್ಕಿಯೂ ಮುಗಿದ ದಿನ, ತರಕಾರಿ ಪಿಕಪ್ಪಿಗೆ ಪಾಸ್ ಮಾಡಿಸಿಕೊಂಡಿದ್ದ ಹಳೆಯ ಗಿರಾಕಿ ಅವಳಿಗೆ ಫೋನ್ ಮಾಡಿದ. ಅಕ್ಕಿ, ಬೇಳೆ ತರುತ್ತಾನಂತೆ, ನಿರೋಧ್ ಮಾತ್ರ ಬೇಡವಂತೆ.

ಫೋನ್ ಕಿತ್ತುಕೊಂಡೆ.

“ಬರುವಾಗ ಮೆಡಿಕಲ್‌ನಿಂದ ತನ್ನಿ ಮಾರಾಯ್ರೆ. ಅದು ತೆರೆದೇ ಉಂಟಲ್ಲ.”

“ಗುರ್ತದವರ ಅಂಗಡಿ. ಈಗ ಇದು ಎಂತಕ್ಕೆ ಅಂತ ಕೇಳಿದ್ರೆ? ನಂಗೆ ಎಂತ ರೋಗವೂ ಇಲ್ಲ. ಬೇಕಾದ್ರೆ ಮಾಸ್ಕ್ ತೆಗಿಯುದಿಲ್ಲ.”

“ಆ ರೋಗಕ್ಕೆ ಮೂಗು ಮುಚ್ಚಿದ್ರೆ ಆಗುದಿಲ್ಲ!”

“ಹಾಗಾದ್ರೆ ಬಿಡಿ. ಕಡಬದಲ್ಲಿ ಒಬ್ಬಳು ಹೂಂ ಅಂದಿದ್ದಾಳೆ.”

ಅದು ಸುಳ್ಳೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಎದ್ದುಹೋಗಲಾಗದ ಚೌಕಾಸಿ ನನಗೆ ಅದೇ ಮೊದಲು. ಗೆಳತಿ ಫೋನ್ ತೆಗೆದುಕೊಂಡು “ಬನ್ನಿ” ಎಂದಳು.

“ಬೇಡ ಮಾರಾಯ್ತಿ.”

“ಅಕ್ಕ, ನಿಮ್ಮ ಬುದ್ಧಿಮಾತು ಬೇಯಿಸಿ ತಿನ್ಲಿಕ್ಕೆ ಆಗ್ತದಾ?”

ಅವನು ಮತ್ತೆ ಮತ್ತೆ ಬಂದ. ಮಳೆ ಹಿಡಿಯುವ ಹೊತ್ತಿಗೆ ಅವಳಿಗೆ ಕಿಬ್ಬೊಟ್ಟೆ ನೋವು, ಮೂತ್ರ ಮಾಡುವಾಗ ಉರಿ, ಮೇಲೆ ಜ್ವರ. ಆಸ್ಪತ್ರೆಗೆ ಹೋಗುವ ಎಂದರೆ ಕೇಳಲಿಲ್ಲ. ಜ್ವರ ಎಂದರೆ ಕೊರೊನಾ ಎಂದೇ ಲೆಕ್ಕ, ಬಾಗಿಲಿಗೆ ಚೀಟಿ ಅಂಟಿಸುತ್ತಾರೆ, ಕೋಣೆ ಕೊಟ್ಟವರು ಓಡಿಸುತ್ತಾರೆ ಎಂಬ ಹೆದರಿಕೆ. ಪ್ಯಾರಾಸಿಟಮಾಲ್ ನುಂಗಿ ಜ್ವರ ಅಡಗಿಸಿದಳು, ಒಳಗಿನದು ಬೆಳೆಯಿತು. ನಮ್ಮ ಕಸುಬಿನವರು ಯಾರಾದರೂ ಇದನ್ನು ಓದಿದರೆ ಇಷ್ಟು ಕೇಳಿ: ಜ್ವರ ಅಡಗಿಸಬೇಡಿ, ಉರಿ ಉಂಟೆಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಅವಳು ಚಾಪೆ ಬಿಟ್ಟು ಏಳಲಾಗದೆ ಮಲಗಿದ್ದಾಗ ಅವನ ಫೋನ್ ಬಂತು. ನಾನೇ ತೆಗೆದೆ.

“ಅವಳಿಗೆ ಜ್ವರ ಉಂಟು.”

“ಅಯ್ಯೋ ದೇವರೇ, ಮೊದಲೇ ಹೇಳ್ಬಾರ್ದಾ!” ಎಂದವನೇ ಫೋನ್ ಇಟ್ಟ.

ಪೀಡೆ ತೊಲಗಿತು, ಇನ್ನು ಆಸ್ಪತ್ರೆಗೆ ಹೊರಡು ಎನ್ನಲು ತಿರುಗಿದೆ. ಗೆಳತಿ ಕಷ್ಟಪಟ್ಟು ತಲೆಯೆತ್ತಿದಳು.

“ಅಕ್ಕಿ ತರ್ತಾನಂತಾ?”